ಸ್ಕ್ಯಾನ್ ಕೋಣೆಯ ಆ ಅರೆಗಳಿಗೆ

ನಮಸ್ಕಾರ ಕೇಳುಗರೇ.

ಸ್ಕ್ಯಾನ್ ಕೋಣೆ. ಹೊಟ್ಟೆ ಮೇಲೆ ತಣ್ಣನೆ ಜೆಲ್. ಡಾಕ್ಟರು ಪರದೆ ನೋಡುತ್ತಿದ್ದಾರೆ, ಇನ್ನೂ ಬಾಯಿ ಬಿಟ್ಟಿಲ್ಲ. ಒಮ್ಮೆ ಬಸಿರು ಕಳೆದುಕೊಂಡವಳಿಗೆ ಆ ಅರೆಗಳಿಗೆ ದಾಟುವುದೇ ಕಷ್ಟ. ಹೋದ ಸಲ ಡಾಕ್ಟರು ಹೀಗೇ ಸುಮ್ಮನಾಗಿದ್ದರು.

ಮತ್ತೆ ಬಸಿರಾದಾಗ ಎಲ್ಲರೂ ‘ಹಳೇದು ಮರೆತುಬಿಡು, ಧೈರ್ಯವಾಗಿರು’ ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಅವಳೋ ಶೌಚಕ್ಕೆ ಹೋದಾಗಲೆಲ್ಲ ರಕ್ತದ ಕಲೆ ಇದೆಯಾ ಅಂತ ನೋಡಿಕೊಳ್ಳುತ್ತಾಳೆ. ಒಂದು ದಿನ ವಾಕರಿಕೆ ಕಡಿಮೆಯಾದರೆ ಎದೆ ಧಸಕ್ಕೆನ್ನುತ್ತದೆ. ಮಗುವಿಗೊಂದು ಹೆಸರು ಯೋಚಿಸೋಕೂ ಹೆದರಿಕೆ. ಪೆಟ್ಟು ತಿಂದ ಮನಸ್ಸು ಹೆದರುತ್ತೆ ಅಲ್ವಾ? ಅದನ್ನು ಪುಕ್ಕಲುತನ ಅನ್ನಬೇಡಿ.

ಇಂಥ ಹೊತ್ತಲ್ಲಿ ಮಾತಿನ ಚಿಕಿತ್ಸೆ, ಅಂದರೆ ಮನಸ್ಸಿನ ತಜ್ಞರ ಜೊತೆ ಕೂತು ಮಾತಾಡುವುದು, ಕೈಹಿಡಿಯಬಲ್ಲದು. ಹೆಚ್ಚಿನ ಸಲ ಅಲ್ಲಿ ಹೋದ ಮಗುವಿನ ಮಾತೇ ಮೊದಲು ಬರುತ್ತದೆ. ಎಷ್ಟೋ ತಾಯಂದಿರು ಆ ಮಗುವಿನ ಬಗ್ಗೆ ಅಳು ತಡೆಯದೆ ಮಾತಾಡುವುದು ಅಲ್ಲೇ ಮೊದಲು. ‘ನಾನು ಭಾರ ಎತ್ತಿದ್ದಕ್ಕೇ ಹೀಗಾಯ್ತು’ ಅನ್ನುವ ಮಾತೂ ಹೊರಬರುತ್ತದೆ. ಮೊದಲ 3 ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ಕ್ರೋಮೋಸೋಮುಗಳ, ಅಂದರೆ ಜೀವಕೋಶದೊಳಗಿನ ವಂಶವಾಹಿ ಎಳೆಗಳ, ಏರುಪೇರೇ ಕಾರಣ. ಇದನ್ನು ಯಾರಾದರೂ ಬಿಡಿಸಿ ಹೇಳಿದರೆ ಎಷ್ಟೋ ದಿನದ ಅಪರಾಧಭಾವ ಸ್ವಲ್ಪ ಸಡಿಲವಾಗುತ್ತದೆ.

ಆಮೇಲೆ ತಜ್ಞರು ಭಯದ ಕಡೆ ತಿರುಗುತ್ತಾರೆ. ಸಿಬಿಟಿ, ಅಂದರೆ ಯೋಚನೆಯ ದಾರಿ ತಿದ್ದಿಕೊಳ್ಳಲು ಕಲಿಸುವ ವಿಧಾನದಲ್ಲಿ, ಸೊಂಟ ನೋವು ಬಂದ ಕೂಡಲೇ ‘ಮುಗೀತು’ ಅಂತ ಮನಸ್ಸು ಓಡುವುದನ್ನು ಹಿಡಿದು ನಿಲ್ಲಿಸಿ ಕೇಳುತ್ತಾರೆ: ಈ ನೋವಿಗೆ ಬೇರೆ ಕಾರಣ ಇರಬಹುದಾ? ಹೋದ ಸಲಕ್ಕೂ ಈ ಸಲಕ್ಕೂ ಏನು ವ್ಯತ್ಯಾಸ? ಚಿಂತೆಗೆ ಅಂತಲೇ ದಿನಕ್ಕೆ ಕಾಲು ಗಂಟೆ ಎತ್ತಿಡುವುದನ್ನೂ ಕಲಿಸುತ್ತಾರೆ. ಗಂಡನೂ ಜೊತೆಗೆ ಬಂದರೆ ಒಳ್ಳೆಯದು. ಅವನೂ ಮಗು ಕಳೆದುಕೊಂಡವನೇ, ಅವನನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ಒಂದು ಮಾತು ನೆನಪಿಡಿ. ರಕ್ತ ಕಂಡರೆ, ಮಗುವಿನ ಒದೆತ ಕಡಿಮೆಯಾದರೆ ‘ಸುಮ್ನೆ ಭಯ’ ಅಂತ ನುಂಗಿಕೊಂಡು ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮಗುವಿಗೆ ಏನೂ ಆಗೋದಿಲ್ಲ ಅಂತ ಈ ಚಿಕಿತ್ಸೆ ಮಾತು ಕೊಡೋದಿಲ್ಲ. ಭಯ ಇದ್ದರೂ ರಾತ್ರಿ ಒಂದಿಷ್ಟು ನಿದ್ದೆ ಬರುವ ಹಾಗೆ ಮಾಡಬಲ್ಲದು.

ಆ ಸ್ಕ್ಯಾನ್ ಕೋಣೆಗೂ ಮುಂಚೆಯೇ ತಯಾರಾಗಬಹುದು. ಸ್ಕ್ಯಾನ್‌ಗೆ ಮಲಗುವ ಮೊದಲೇ ಡಾಕ್ಟರಿಗೆ ಹೇಳಿ: ‘ಹೋದ ಸಲ ನನ್ನ ಮಗು ಹೋಯ್ತು. ಎದೆಬಡಿತ ಕಂಡ ಕೂಡಲೇ ಮೊದಲು ಅದನ್ನೇ ಹೇಳಿ, ಅಳತೆ ಆಮೇಲೆ ತಗೊಳ್ಳಿ.’