ನಸುಕಿನ ಗಾಳಿ, ನಡುಹಗಲಿನ ಗಾಳಿ

ಕೇಳುಗರಿಗೆ ನಮಸ್ಕಾರ.

ಡಿಸೆಂಬರಿನ ನಸುಕಿನಲ್ಲಿ ಹುಬ್ಬಳ್ಳಿಯ ಯಾವುದಾದರೂ ಮಾಳಿಗೆ ಹತ್ತಿ ನೋಡಿ. ಬಚ್ಚಲ ಒಲೆಯ ಹೊಗೆ ತೆಂಗಿನ ಮರದ ಎತ್ತರಕ್ಕೆ ಏರಿ, ಮುಂದೆ ಹೋಗಲಾರದೆ ಚಾಪೆ ಹಾಸಿದ ಹಾಗೆ ಅಡ್ಡಡ್ಡ ಹರಡಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡಿನ ಪಾಡೂ ಅದೇ.

ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ. ನೆಲಕ್ಕಂಟಿದ ತಂಪು ಗಾಳಿ ಭಾರವಾಗಿ ಕೆಳಗೇ ಕೂಡುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳವಾಗುತ್ತದೆ. ವಾಹನಗಳು ಬಿಟ್ಟದ್ದು, ಮಣ್ಣು, ಮರ, ಜನ ಉಸಿರಾಡಿದ್ದು ಎಲ್ಲ ಆ ತೆಳುಪದರದಲ್ಲೇ ಸೇರುತ್ತ ಹೋಗಿ ಸೂರ್ಯ ಹುಟ್ಟುವ ಹೊತ್ತಿಗೆ ಅನಿಲದ ಪ್ರಮಾಣ ತುದಿ ಮುಟ್ಟುತ್ತದೆ. ಮುಚ್ಚಳ ಏಳುವ ಮೊದಲೇ ಬೆಳಗಿನ ವಾಹನಗಳ ಹೊಗೆ ಅದಕ್ಕೆ ಕೂಡುತ್ತದೆ. ಮಧ್ಯಾಹ್ನ 2ರಿಂದ 4ರೊಳಗೆ ಪ್ರಮಾಣ ತೀರ ಕಡಿಮೆ. ಚೆನ್ನಮ್ಮ ವೃತ್ತದಲ್ಲಿ ಆಗ ವಾಹನಗಳಿಗೇನೂ ಬರವಿಲ್ಲ. ಆದರೆ ಕಾದ ನೆಲ ಗಾಳಿಯನ್ನು ಒಂದೆರಡು ಕಿಲೋಮೀಟರ್ ಎತ್ತರದವರೆಗೆ ಕಲಸಿರುತ್ತದೆ, ಎಲೆಗಳೂ ಅನಿಲವನ್ನು ಹೀರುತ್ತಿರುತ್ತವೆ.

ಮುಂಗಾರಿನ ಮೋಡ, ಗಾಳಿ ಇದ್ದ ದಿನಗಳಲ್ಲಿ ಈ ಮುಚ್ಚಳ ಗಟ್ಟಿಯಾಗಿ ಕೂಡುವುದಿಲ್ಲ. ಇದರಾಚೆ ಉತ್ತರ ಗೋಳಾರ್ಧಕ್ಕೇ ಒಂದು ಏರಿಳಿತವಿದೆ. ಹವಾಯಿಯ ಮೌನಾ ಲೋವಾ ಪರ್ವತದ ಅಳತೆ ಕೇಂದ್ರದಲ್ಲಿ ಪ್ರಮಾಣ ಮೇ ತಿಂಗಳಲ್ಲಿ ಏರಿ ಸೆಪ್ಟೆಂಬರ್ ಕೊನೆಗೆ ಇಳಿಯುತ್ತದೆ; ಅಂತರ ಸುಮಾರು 6 ಪಿಪಿಎಂ, ಅಂದರೆ ಹತ್ತು ಲಕ್ಷ ಅಣುಗಳಲ್ಲಿ ಆರು. 1958ರಲ್ಲಿ ಅಲ್ಲಿ ಅಳತೆ ಶುರುವಾದಾಗ ಸುಮಾರು 315 ಇತ್ತು, ಈಗ 420 ದಾಟಿದೆ. ನಮ್ಮೂರಿನ ಒಂದು ರಾತ್ರಿಯ ಏರಿಕೆ ಆ 6ನ್ನು ಸುಲಭವಾಗಿ ಮೀರುತ್ತದೆ. ಆದ್ದರಿಂದಲೇ ಹೊತ್ತು ಬರೆಯದ ಅಂಕಿಯನ್ನು ನಂಬಬಾರದು.

ಅಳೆಯುವವರಿಗೆ ನಾಲ್ಕು ಮಾತು. ಇನ್‌ಫ್ರಾರೆಡ್ ಬೆಳಕಿನಿಂದ ಈ ಅನಿಲವನ್ನು ಅಳೆಯುವ ಮೀಟರನ್ನು ಮಾಳಿಗೆಯ ನೆರಳಿನಲ್ಲಿ, ಅಡುಗೆಮನೆ ಕಿಟಕಿಯಿಂದ ದೂರ ಇಡಿ. ಬಗ್ಗಿ ಓದಬೇಡಿ, ನಾವು ಬಿಡುವ ಉಸಿರಿನಲ್ಲಿ 40,000 ಪಿಪಿಎಂ ಇರುತ್ತದೆ! ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟಕ್ಕಿಂತ ಸುಮಾರು 700 ಮೀಟರ್ ಮೇಲಿದೆ, ಗಾಳಿಯ ಒತ್ತಡ ಶೇಕಡಾ 8ರಷ್ಟು ಕಡಿಮೆ. ಮೀಟರಿಗೆ ಎತ್ತರ ತಿಳಿಸದಿದ್ದರೆ 430 ಇರುವಲ್ಲಿ 400ಕ್ಕೂ ಕಡಿಮೆ ತೋರಿಸೀತು. ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆ ಇದ್ದರೆ ಆರಿಸಿಬಿಡಿ. ಕೆಲವು ದಿನಗಳ ಅತಿ ಕಡಿಮೆ ಅಂಕಿಯನ್ನೇ ಅದು 400 ಎಂದು ಹಿಡಿಯುತ್ತದೆ. ಈಗ ಹೊರಗಿನ ಶುದ್ಧ ಗಾಳಿಯಲ್ಲೂ ಅಷ್ಟು ಕಡಿಮೆ ಇಲ್ಲ. ಇಬ್ಬನಿ ಒಳಗೆ ಇಳಿದರೆ ಇಲ್ಲದ ಏರಿಕೆ ಕಾಣಬಹುದು, ಮೇಲೊಂದು ಸೂರು ಇರಲಿ.

ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನೂ ಪೇಟೆಯನ್ನೂ ಹೋಲಿಸುವುದಾದರೆ ಮೊದಲು ಎರಡೂ ಮೀಟರುಗಳನ್ನು ಒಂದೇ ಮಾಳಿಗೆಯಲ್ಲಿ ಎರಡು ದಿನ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಬರೆದುಕೊಳ್ಳಿ. ಆಮೇಲೆ ಎರಡೂ ಕಡೆ ಒಂದೇ ಹೊತ್ತಿಗೆ ಓದಿ.

ನಮಸ್ಕಾರ.