ಕಪಾಟಿನ ಹಿಂದೆ ಸಿಕ್ಕಿಕೊಂಡ ಇಂಟರ್‌ನೆಟ್

ನೋಡಿ, ನಮ್ಮ ಫೈಬರ್ ಇಂಟರ್‌ನೆಟ್ ಪೆಟ್ಟಿಗೆಯ ಕೆಂಪು ದೀಪ ಇದು. ಮಿಣುಕುತ್ತದೆ, ಆರುತ್ತದೆ, ಮತ್ತೆ ಮಿಣುಕುತ್ತದೆ. ಬೆಳಗಾವಿಯ ಟಿಳಕವಾಡಿಯ ಈ ಮನೆಗೆ ಬಂದು ಮೂರು ತಿಂಗಳಾಯಿತು. ಟಿವಿಗಿಂತ ಹೆಚ್ಚಾಗಿ ನಾನು ನೋಡಿದ್ದು ಇದನ್ನೇ.

ಇದ್ದದ್ದು 50 ಎಂಬಿಪಿಎಸ್ ಪ್ಲ್ಯಾನ್. ಸಾಲುತ್ತಿಲ್ಲವೆಂದು ನಾನೇ 100ಕ್ಕೆ ಏರಿಸಿದೆ. ತಿಂಗಳಿಗೆ 250 ರೂಪಾಯಿ ಹೆಚ್ಚು. ಮೂರು ತಿಂಗಳಿಗೆ 750, ಅದರ ಮೇಲೆ ಶೇ 18ರ ಜಿಎಸ್‌ಟಿ 135. ಒಟ್ಟು 885 ರೂಪಾಯಿ! ಅಷ್ಟಕ್ಕೆ ಮನೆಮಂದಿಯೆಲ್ಲ ಕುಂದಾ ತಿನ್ನಬಹುದಿತ್ತು. ಕುಂದಾ ಎಂದರೆ ಹಾಲನ್ನು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿದ ಸಿಹಿ. ಬೆಳ್ಳಗಿರುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇರಲಿ, ಲೈನ್‌ಮನ್ ಬಂದರು.

ಅವರ ಕೈಯಲ್ಲಿರುವುದು ಪವರ್ ಮೀಟರ್. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಇಂಟರ್‌ನೆಟ್ ಬೆಳಕಾಗಿ ಬರುತ್ತದೆ; ಆ ಬೆಳಕು ಎಷ್ಟಿದೆ ಎಂದು ಅಳೆಯುವ ಸಾಧನ ಇದು. "ಅಕ್ಕಾ, ಮೈನಸ್ 29 ಇದೆ" ಎಂದರು. 29 ಒಳ್ಳೆಯ ಅಂಕಿಯೇ ಎಂದುಕೊಂಡೆ. ಅಲ್ಲ, ಮೈನಸ್ ಇದೆಯಲ್ಲ! ಆ ಅಂಕಿಯ ಅಳತೆ ಡಿಬಿ, ಅಂದರೆ ಡೆಸಿಬೆಲ್. ಮೂರು ಡಿಬಿ ಇಳಿದರೆ ಬೆಳಕು ಅರ್ಧವಾಗುತ್ತದೆ. ಮೈನಸ್ 20ರಿಂದ 29ಕ್ಕೆ ಬಂದರೆ ಉಳಿಯುವುದು ಎಂಟನೆಯ ಒಂದು ಪಾಲು. ಇಂಥ ಪೆಟ್ಟಿಗೆಗಳು ಸಾಮಾನ್ಯವಾಗಿ ಮೈನಸ್ 27ರವರೆಗೆ ತಡೆದುಕೊಳ್ಳುತ್ತವೆ, ಆಮೇಲೆ ಲೈನ್ ಕಡಿಯುತ್ತದೆ.

ಶಹಾಪುರದ ತವರುಮನೆಯಲ್ಲಿ ತಾಮ್ರದ ತಂತಿ ಇದ್ದ ಕಾಲ ಬೇರೆ. ಮಳೆ ಹಿಡಿದರೆ ಜಾಯಿಂಟಿನೊಳಗೆ ನೀರು, ಲೈನಿನಲ್ಲಿ ಕರಕರ ಸದ್ದು. ಆ ಗದ್ದಲದ ಮೇಲೆ ಸಿಗ್ನಲ್ ಎಷ್ಟು ತಲೆಯೆತ್ತಿ ನಿಲ್ಲುತ್ತದೋ ಅಷ್ಟೇ ವೇಗ. ಸಿಗ್ನಲ್ಲಿಗೂ ಗದ್ದಲಕ್ಕೂ ನಡುವಿನ ಅಂತರ ಕುಗ್ಗಿದರೆ ಮೋಡೆಮ್ ತಾನೇ ವೇಗ ತಗ್ಗಿಸಿಕೊಂಡು ಹೇಗೋ ನಡೆಸುತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ದೂರವಿದ್ದವರಿಗೆ ಬೇಸಿಗೆಯಲ್ಲೂ ಅದೇ ಗತಿ. ಫೈಬರಿಗೆ ಆ ಸಹನೆ ಇಲ್ಲ: ಬೆಳಕು ಸಾಕಷ್ಟಿದ್ದರೆ ಪೂರ್ತಿ ವೇಗ, ಅಂಚು ದಾಟಿದರೆ ಕೆಂಪು ದೀಪ. ನಾನು 500 ಎಂಬಿಪಿಎಸ್ ಪ್ಲ್ಯಾನ್ ಕೊಂಡಿದ್ದರೂ ಇದೇ ದೀಪ ಮಿಣುಕುತ್ತಿತ್ತು. ಸೇವಾಕೇಂದ್ರದವರು ಫೋನಿನಲ್ಲಿ ಇದನ್ನು ಹೇಳಬಾರದಿತ್ತೇ? ಮೋಸಗಾರರು!

ಇಲ್ಲ, ಆ ಮಾತು ಹಿಂತೆಗೆದುಕೊಳ್ಳುತ್ತೇನೆ. ಈಗ ಕಾಣುತ್ತದೆ ನೋಡಿ, ಕಪಾಟು ಸರಿಸುತ್ತಿದ್ದೇವೆ. ಅದರ ಹಿಂದೆ ವೈರು ಗೋಡೆಗೆ ಒತ್ತಿ ಚೂಪಾಗಿ ಬಾಗಿದೆ. ಅಲ್ಲೇ ಬೆಳಕು ಸೋರುತ್ತಿತ್ತು. ಕಪಾಟನ್ನು ಅಲ್ಲಿಗೆ ನೂಕಿಸಿದವಳು ನಾನೇ.

ವೈರು ಬಿಡಿಸಿದ ಮೇಲೆ ಮೈನಸ್ 20. ದೀಪ ಹಸಿರು. ಅಡುಗೆಮನೆಯಲ್ಲಿ ಮಾತ್ರ ವೈಫೈ ಇನ್ನೂ ಕುಂಟುತ್ತಿದೆ. ಅದು ನಡುವಿನ ದಪ್ಪ ಗೋಡೆಯ ಕೆಲಸ, ಲೈನಿನದಲ್ಲ. ಅತ್ತೆಯವರು ಕಪಾಟನ್ನು ಮತ್ತೆ ಅದೇ ಜಾಗಕ್ಕೆ ತರಲು ಹೇಳುತ್ತಿದ್ದಾರೆ. ಕ್ಯಾಮೆರಾ ನಿಲ್ಲಿಸುತ್ತೇನೆ, ಓಡಬೇಕು.