ರೋಬೋಗೆ ಯಾವ ಚಕ್ರ?

ಎಲ್ಲರಿಗೂ ನಮಸ್ಕಾರ. ಕಾಲೇಜುಗಳಲ್ಲಿ ಫೆಸ್ಟ್‌ಗಳ ಕಾಲ ಬಂತು. ರೋಬೋ ಸಾಕರ್, ರೋಬೋ ಸುಮೋ, ಇನ್ನು ಕೆಲವರಿಗೆ ರೋಬೋಕಾನ್ ಎಂಬ ದೊಡ್ಡ ಕಾಲೇಜು ರೋಬೋ ಸ್ಪರ್ಧೆ. ವರ್ಕ್‌ಶಾಪ್ ಮೂಲೆಯಲ್ಲಿ ಕುಳಿತು ಅಲ್ಯೂಮಿನಿಯಂ ಪಟ್ಟಿಗೆ ತೂತು ಕೊರೆಯುತ್ತಿರುವ ಡಿಪ್ಲೊಮಾ, ಎಂಜಿನಿಯರಿಂಗ್ ಮಕ್ಕಳಿಗಾಗಿ ಈ ಮಾತು. ದುಡ್ಡು ಕೊಡುವ ಅಪ್ಪ ಅಮ್ಮಂದಿರೂ ಕೇಳಿ.

ಮಕ್ಕಳು ಬಂದವರೇ ಕೇಳುವುದು, "ಸರ್, ಯಾವ ಮೋಟಾರ್ ಹಾಕೋಣ?" ಮೋಟಾರ್ ಆಮೇಲೆ. ಮೊದಲು ಹಿಡಿತ. ಚಕ್ರ ನೆಲವನ್ನು ಎಷ್ಟು ಹಿಡಿಯುತ್ತದೋ ರೋಬೋ ಅಷ್ಟೇ ತಳ್ಳುತ್ತದೆ, ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಜಾಸ್ತಿ ಇಲ್ಲ. ಕೆಸರು ಗದ್ದೆಯಲ್ಲಿ ಹೂತುಕೊಂಡ ಟ್ರ್ಯಾಕ್ಟರ್ ನೋಡಿದ್ದೀರಿ, ಅಲ್ವಾ? ಎಂಜಿನ್ ಗರ್ಜಿಸುತ್ತದೆ, ಚಕ್ರ ತಿರುಗುತ್ತದೆ, ಗಾಡಿ ಅಲ್ಲೇ ಇರುತ್ತದೆ.

ಹಿಡಿತ ಬರುವುದು ಎರಡರಿಂದ. ಚಕ್ರದ ರಬ್ಬರು, ಮತ್ತು ಅದರ ಮೇಲೆ ಕೂರುವ ಭಾರ. ನಿಮ್ಮ ರೋಬೋ 10 ಕಿಲೋ ಎಂದುಕೊಳ್ಳಿ. ಹಿಂದೆ ಎರಡು ಮೋಟಾರ್ ಚಕ್ರ, ಮುಂದೆ ಒಂದು ಕ್ಯಾಸ್ಟರ್, ಅಂದರೆ ಮೋಟಾರ್ ಇಲ್ಲದೆ ಎತ್ತ ಬೇಕಾದರೂ ತಿರುಗುವ ಪುಟ್ಟ ಚಕ್ರ. ಭಾರ ಹಿಂದಕ್ಕೂ ಮುಂದಕ್ಕೂ ಸಮವಾಗಿ ಹಂಚಿದರೆ 5 ಕಿಲೋ ಸುಮ್ನೆ ಕ್ಯಾಸ್ಟರ್ ಮೇಲೆ ಕೂತಿರುತ್ತದೆ. ಆ ಭಾರ ತಳ್ಳುವ ಕೆಲಸಕ್ಕೆ ಬರುವುದೇ ಇಲ್ಲ. ಕ್ಯಾಸ್ಟರ್ ಬದಲು ಇನ್ನೆರಡು ಚಕ್ರ ಹಾಕಿ ನಾಲ್ಕಕ್ಕೂ ಮೋಟಾರ್ ಕೊಡಿ, ಪೂರ್ತಿ 10 ಕಿಲೋ ದುಡಿಯುತ್ತದೆ.

ಒಂದು ಫೆಸ್ಟ್‌ನಲ್ಲಿ ರೋಬೋ ಸಾಕರ್‌ಗೆ ನಾನು ತೀರ್ಪುಗಾರ. ಒಂದು ತಂಡ ಮೆಕಾನಮ್ ಚಕ್ರ ಹಾಕಿಕೊಂಡು ಬಂದಿತ್ತು. ಸುತ್ತಲೂ 45 ಡಿಗ್ರಿ ಓರೆಯಾಗಿ ಉರುಳೆಗಳಿರುವ ಚಕ್ರ ಅದು, 1970ರ ದಶಕದಲ್ಲಿ ಸ್ವೀಡನ್ನಿನ ಬೆಂಗ್ಟ್ ಇಲೋನ್ ಎಂಬ ಎಂಜಿನಿಯರ್ ಕಂಡುಹಿಡಿದದ್ದು. ಮುಖ ತಿರುಗಿಸದೆ ಪಕ್ಕಕ್ಕೆ ಸರಿಯುತ್ತದೆ. ಹುಡುಗರು ಅದನ್ನು ಎಡಕ್ಕೆ, ಬಲಕ್ಕೆ, ಓರೆಗೆ ಓಡಿಸಿ ತೋರಿಸಿದಾಗ ಜನ ಶಿಳ್ಳೆ ಹೊಡೆದರು. ಎದುರಿಗೆ ಡಿಪ್ಲೊಮಾ ಹುಡುಗಿಯರ ತಂಡ. ನಾಲ್ಕು ಸಾದಾ ರಬ್ಬರ್ ಚಕ್ರ, ನಾಲ್ಕು ಗೇರ್ ಮೋಟಾರ್, ಬ್ಯಾಟರಿಯನ್ನು ನೆಲಕ್ಕೆ ಹತ್ತಿರವಾಗಿ ನಟ್ಟನಡುವೆ ಕಟ್ಟಿದ್ದರು. ಬಣ್ಣ ಕೂಡ ಬಳಿದಿರಲಿಲ್ಲ. ಸೀಟಿ ಊದಿದೆ. ಎರಡೂ ಚೆಂಡಿಗೆ ಬಂದವು, ಮೂತಿಗೆ ಮೂತಿ ತಾಗಿತು. ಆಮೇಲೆ ಆಟವೇ ಇಲ್ಲ. ಹುಡುಗಿಯರ ರೋಬೋ ಚೆಂಡನ್ನೂ ಎದುರಾಳಿಯನ್ನೂ ಒಟ್ಟಿಗೆ ತಳ್ಳಿಕೊಂಡು ಹೋಗಿ ಗೋಲಿನೊಳಗೆ ಬಿಟ್ಟಿತು. ಮತ್ತೆ ಶುರು, ಮತ್ತೆ ಅದೇ.

ಆಟ ಮುಗಿದ ಮೇಲೆ ಹುಡುಗರು ಬಂದು, "ಸರ್, ಮುಂದಿನ ಸಲ ಇನ್ನೂ ದೊಡ್ಡ ಮೋಟಾರ್ ಹಾಕುತ್ತೇವೆ" ಎಂದರು. ರೋಬೋ ನೆಲದಲ್ಲಿ ಇಡಿಸಿದೆ. ಮುಂದೆ ಕೈ ಅಡ್ಡ ಹಿಡಿದು, ಪೂರ್ತಿ ವೇಗ ಕೊಡಿ ಎಂದೆ. ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿದವು. "ನೋಡಿ, ಮೋಟಾರಿಗೆ ಶಕ್ತಿ ಸಾಕಾಗಿ ಮಿಕ್ಕಿದೆ. ಇಲ್ಲದಿರುವುದು ಹಿಡಿತ." ಮೆಕಾನಮ್‌ನಲ್ಲಿ ನೆಲ ಮುಟ್ಟುವುದು ಆ ಸಣ್ಣ ಉರುಳೆಗಳು. ಅವು ಓರೆಯಾಗಿರುವುದರಿಂದ, ಇರುವ ಹಿಡಿತದಲ್ಲೂ ನೂರಕ್ಕೆ ಸುಮಾರು 70 ಭಾಗ ಮಾತ್ರ ಮುಂದಕ್ಕೆ ಸಿಗುತ್ತದೆ. ಚಾಸಿ ಸ್ವಲ್ಪ ತಿರುಚಿ ಒಂದು ಚಕ್ರ ನೆಲ ಬಿಟ್ಟಿತೋ, ರೋಬೋ ಸೊಟ್ಟಗೆ ಓಡುತ್ತದೆ. ನಿಮ್ಮ ಚಕ್ರ ಹೇಗಿದೆ ಎಂದು ತಿಳಿಯಲು ಫೆಸ್ಟ್‌ವರೆಗೆ ಕಾಯಬೇಡಿ. ಲಗೇಜು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಗೋಡೆಗೆ ಕಟ್ಟಿ, ರೋಬೋಗೆ ಹಗ್ಗ ಹಾಕಿ ಎಳೆಸಿ. ಎಷ್ಟು ಕಿಲೋ ತೋರಿಸುತ್ತದೋ ಅದೇ ನಿಮ್ಮ ರೋಬೋದ ನಿಜವಾದ ಬಲ.

ಈ ಕಥೆಗೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನಾಲ್ಕು ರಬ್ಬರ್ ಚಕ್ರದ ರೋಬೋ ತಿರುಗುವಾಗ ಚಕ್ರಗಳು ಅಡ್ಡಕ್ಕೆ ಉಜ್ಜುತ್ತವೆ. ಮುಂದಿನ ಹಿಂದಿನ ಚಕ್ರಗಳ ನಡುವೆ ದೂರ ಜಾಸ್ತಿಯಾದರೆ ರೋಬೋ ಕುಪ್ಪಳಿಸುತ್ತದೆ. ಅಗಲ ಜಾಸ್ತಿ, ಉದ್ದ ಕಡಿಮೆ ಇಡಿ. ಉದ್ದ ಬೇಕೇ ಬೇಕು ಎಂದರೆ ಆರು ಚಕ್ರ ಹಾಕಿ, ನಡುವಿನ ಎರಡನ್ನು 3 ಮಿಲಿಮೀಟರ್‌ನಷ್ಟು ಕೆಳಗೆ ಇಳಿಸಿ. ಆಗ ಒಂದು ಹೊತ್ತಿಗೆ ನಾಲ್ಕೇ ನೆಲ ಮುಟ್ಟುತ್ತವೆ, ಸುಲಭವಾಗಿ ತಿರುಗುತ್ತದೆ, ಹಿಡಿತವೂ ಹೋಗುವುದಿಲ್ಲ.

ವೇಗದ ಲೆಕ್ಕ ಸುಲಭ. ನಿಮಿಷಕ್ಕೆ 300 ಸುತ್ತಿನ ಮೋಟಾರಿಗೆ 10 ಸೆಂಟಿಮೀಟರ್ ವ್ಯಾಸದ ಚಕ್ರ ಹಾಕಿದರೆ ಸೆಕೆಂಡಿಗೆ ಒಂದೂವರೆ ಮೀಟರ್. ಸಣ್ಣ ಅಂಕಣಕ್ಕೆ ಇದು ಧಾರಾಳ.

ಹಾಗಾದರೆ ಮೆಕಾನಮ್ ಬೇಡವೇ? ಅಂಚಿನ ಸುತ್ತ ಅಡ್ಡಕ್ಕೆ ಉರುಳುವ ಸಣ್ಣ ಉರುಳೆಗಳಿರುವ ಓಮ್ನಿ ಚಕ್ರ ಬೇಡವೇ? ತಳ್ಳಾಟ ಇಲ್ಲದ ಕಡೆ ಖಂಡಿತ ಬೇಕು. ಒಂದು ವಸ್ತುವನ್ನು ಹಿಡಿದು, ಗುರಿ ನೋಡಿ, ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಇಡಬೇಕಾದ ಆಟಗಳಿವೆ. 2002ರಲ್ಲಿ ಟೋಕಿಯೊದಲ್ಲಿ ಶುರುವಾಗಿ, 2008 ಮತ್ತು 2014ರಲ್ಲಿ ನಮ್ಮ ಪುಣೆಗೂ ಬಂದಿದ್ದ ಏಷ್ಯಾ-ಪೆಸಿಫಿಕ್ ರೋಬೋಕಾನ್‌ನಲ್ಲಿ ಅಂಥ ಆಟಗಳು ಎಷ್ಟೋ ಬಂದಿವೆ. ಅಲ್ಲಿ 120 ಡಿಗ್ರಿಗೆ ಒಂದರಂತೆ ಮೂರು ಓಮ್ನಿ ಚಕ್ರ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಮೂರೇ ಇರುವುದರಿಂದ ಯಾವುದೂ ನೆಲ ಬಿಡುವುದಿಲ್ಲ. ಸ್ವರ್ವ್ ಎಂಬುದೂ ಇದೆ. ಅದರಲ್ಲಿ ಪ್ರತಿ ಚಕ್ರವೂ ಉರುಳುವುದಲ್ಲದೆ ಬೇಕಾದ ದಿಕ್ಕಿಗೆ ಮುಖವನ್ನೂ ತಿರುಗಿಸಿಕೊಳ್ಳುತ್ತದೆ, ಹಿಡಿತವೂ ಉಂಟು, ಪಕ್ಕಕ್ಕೆ ಓಟವೂ ಉಂಟು. ಆದರೆ ನಾಲ್ಕು ಚಕ್ರಕ್ಕೆ ಎಂಟು ಮೋಟಾರ್ ಬೇಕು. ಮೊದಲ ವರ್ಷದವರು ದಯವಿಟ್ಟು ಆ ಕಡೆ ಹೋಗಬೇಡಿ.

ಇನ್ನೊಂದೇ ಮಾತು. ಆಟದ ದಿನ ಒದ್ದೆ ಬಟ್ಟೆ ಜೊತೆಗಿರಲಿ. ಪ್ರತಿ ಸುತ್ತಿಗೂ ಮೊದಲು ಚಕ್ರದ ದೂಳು ಒರೆಸಿ, ಒಣಗಲು ಬಿಟ್ಟು, ಆಮೇಲೆ ಅಂಕಣಕ್ಕೆ ಇಳಿಸಿ. ನಮಸ್ಕಾರ.